ಮಾವನ ದನಿ, 28 ದಿನದ ಲೆಕ್ಕ

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ದೀರಿ ಅಂದ್ಕೊಂಡಿದ್ದೀನಿ. ಇವತ್ತು ದುಡ್ಡಿನ ವಿಷಯ ಇಲ್ಲ, ನಮ್ಮ ಸೋದರಮಾವನ ಗಂಟಲಿನ ವಿಷಯ. ಅವರನ್ನ ಕೇಳಿಯೇ ಹೇಳ್ತಿದ್ದೀನಿ.

ಮಾವ ಕೋಲಾರದ ಟೊಮೆಟೊ ಮಂಡಿಯಲ್ಲಿ ಹರಾಜು ಕೂಗೋರು. ದನಿಯೇ ಅವರ ಸಂಬಳ. ಜೊತೆಗೆ ಮೂವತ್ತು ವರ್ಷದ ಬೀಡಿ. ದನಿ ಒಡೆಯೋಕೆ ಶುರುವಾದಾಗ "ಸೀಸನ್ ಅಲ್ವೇನೋ, ಕೂಗಿ ಕೂಗಿ ಗಂಟಲು ಕಟ್ಟಿದೆ" ಅಂದ್ರು. ನಾವೂ ನಂಬಿದ್ವಿ. ಶುಂಠಿ ಕಷಾಯ, ಮೆಡಿಕಲ್ ಶಾಪ್ ಮಾತ್ರೆ, ಹೀಗೇ ನಾಲ್ಕು ತಿಂಗಳು ಹೋಯ್ತು. ನೋವಿರಲಿಲ್ಲ, ಊಟಕ್ಕೆ ತೊಂದರೆ ಇರಲಿಲ್ಲ. ಮೂರು ವಾರ ದಾಟಿದ್ರೂ ದನಿ ಸರಿಹೋಗದಿದ್ರೆ ಇಎನ್‌ಟಿ ಡಾಕ್ಟರ್ ಹತ್ರ ಹೋಗ್ಬೇಕು ಅನ್ನೋದು ನಮಗ್ಯಾರಿಗೂ ಗೊತ್ತಿರಲಿಲ್ಲ.

ಕೊನೆಗೆ ಹೋದಾಗ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದ್ರು. ಆಮೇಲೆ ಬಯಾಪ್ಸಿ. ಧ್ವನಿಪೆಟ್ಟಿಗೆಯ ಕ್ಯಾನ್ಸರ್, ಒಂದೇ ಧ್ವನಿತಂತುವಿನ ಮೇಲೆ, ಮೊದಲ ಹಂತ.

ಇಲ್ಲೊಂದು ಅದೃಷ್ಟದ ವಿಷಯ ಇದೆ. ಧ್ವನಿತಂತುವಿನ ಮೇಲೆ ಚೂರೇ ಚೂರು ಗಂಟು ಬಂದ್ರೂ ದನಿ ಕೆಡುತ್ತೆ, ಅಂದ್ರೆ ಈ ಕಾಯಿಲೆ ಬೇಗ ಸುಳಿವು ಕೊಡುತ್ತೆ. ಆ ಜಾಗದಲ್ಲಿ ದುಗ್ಧನಾಳಗಳು ತೀರಾ ಕಮ್ಮಿ ಇರೋದ್ರಿಂದ ಕತ್ತಿನ ಗ್ರಂಥಿಗಳಿಗೆ ಹರಡೋದೂ ಅಪರೂಪ. ಹಾಗಾಗಿ ಇಡೀ ಕತ್ತಿಗೆ ರೇಡಿಯೇಷನ್ ಕೊಡಬೇಕಿಲ್ಲ, ಸುಮಾರು ಐದು ಸೆಂಟಿಮೀಟರ್ ಉದ್ದ, ಐದು ಸೆಂಟಿಮೀಟರ್ ಅಗಲದ ಜಾಗ ಸಾಕು. ಮೊದಲ ಹಂತದಲ್ಲಿ ಹಿಡಿದ್ರೆ ಹತ್ತರಲ್ಲಿ ಸುಮಾರು ಒಂಬತ್ತು ಜನಕ್ಕೆ ವಾಸಿಯಾಗುತ್ತೆ. ಲೇಸರ್ ಸರ್ಜರಿನೂ ಇದೆ, ಫಲಿತಾಂಶ ಹೆಚ್ಚುಕಮ್ಮಿ ಅಷ್ಟೇ. ಮಾವನ ಗಂಟು ತಂತುವಿನ ಮುಂದಿನ ತುದಿ ಹತ್ರ ಇತ್ತು. ಅಲ್ಲಿ ಕತ್ತರಿಸಿದ್ರೆ ದನಿಗೆ ಹೆಚ್ಚು ಪೆಟ್ಟು ಅಂತ ರೇಡಿಯೇಷನ್ ಆಯ್ತು.

ಬೆಂಗಳೂರಲ್ಲಿ 28 ಸಿಟ್ಟಿಂಗ್, ದಿನಕ್ಕೆ 2.25 ಗ್ರೇ, ಒಟ್ಟು 63 ಗ್ರೇ. ಸೋಮವಾರದಿಂದ ಶುಕ್ರವಾರ, ಐದೂವರೆ ವಾರ. ಬಿಸಿನೀರಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಹಾಳೆಯನ್ನ ಮುಖಕ್ಕೂ ಕತ್ತಿಗೂ ಒತ್ತಿ ಮಾಸ್ಕ್ ಮಾಡ್ತಾರೆ, ತಲೆ ಅಲ್ಲಾಡದ ಹಾಗೆ. ಮೆಷಿನ್ ಕೆಲಸ ಕೆಲವೇ ನಿಮಿಷ, ನೋವೂ ಇಲ್ಲ. ತಲೆಕೂದಲು ಉದುರುತ್ತೆ ಅಂತ ಅತ್ತೆ ಹೆದರಿದ್ದೇ ಬಂತು, ಹೋಗಿದ್ದು ಗಲ್ಲದ ಕೆಳಗಿನ ಗಡ್ಡ ಮಾತ್ರ.

ಕಷ್ಟ ಬಂದಿದ್ದು ಮೂರನೇ ವಾರ. ಗಂಟಲು ಉರಿ, ಕತ್ತಿನ ಚರ್ಮ ಕಪ್ಪು, ಇದ್ದ ಅಷ್ಟಿಷ್ಟು ದನಿಯೂ ಹೋಯ್ತು. ಮಾವ ಹಳೇ ಮಂಡಿ ಚೀಟಿಯ ಹಿಂದೆ ಬರೆದು ತೋರಿಸಿದ್ರು: "ಒಂದು ವಾರ ಬಿಟ್ಟು ಹೋಗೋಣ. ಇದು ಕೆಲಸ ಮಾಡ್ತಿಲ್ಲ."

ನಾನು ಬಿ.ಕಾಂ. ಬುದ್ಧಿ ಓಡಿಸಿದೆ. ಇಎಂಐ ತಪ್ಪಿದ್ರೆ ಆಮೇಲೆ ಫೈನ್ ಸೇರಿಸಿ ಕಟ್ಟಿದ್ರಾಯ್ತು ಅಲ್ವಾ? ಡಾಕ್ಟರಮ್ಮನ್ನ ಕೇಳಿದೆ. ಅವರು ನಕ್ಕು, "ಇದು ಚಕ್ರಬಡ್ಡಿ ಸಾಲಪ್ಪ" ಅಂದ್ರು. ಉಳಿದ ಕ್ಯಾನ್ಸರ್ ಕೋಶಗಳು ಮೂರ್ನಾಲ್ಕು ವಾರ ಆದ್ಮೇಲೆ ಮೊದಲಿಗಿಂತ ಜೋರಾಗಿ ಬೆಳೆಯೋಕೆ ನೋಡ್ತಾವಂತೆ. ಆಗ ಗ್ಯಾಪ್ ಕೊಟ್ರೆ ಅವುಕ್ಕೇ ಲಾಭ. ಅನಿವಾರ್ಯವಾಗಿ ಒಂದು ದಿನ ತಪ್ಪಿದ್ರೂ ಶನಿವಾರ ಕರೆದೋ, ಒಂದೇ ದಿನ ಆರು ಗಂಟೆ ಅಂತರದಲ್ಲಿ ಎರಡು ಸಲ ಕೊಟ್ಟೋ ಸರಿದೂಗಿಸ್ತಾರೆ. ದನಿ ಕೆಟ್ಟಿರೋದು ರೇಡಿಯೇಷನ್ನಿನ ಊತದಿಂದ, ಇಳಿಯುತ್ತೆ ಅಂದ್ರು. ಬೀಡಿ ಸೇದ್ತಿದ್ರೆ ಮಾತ್ರ ಟ್ರೀಟ್‌ಮೆಂಟ್‌ನ ಬಲವೇ ಕುಗ್ಗುತ್ತೆ ಅಂತಾನೂ ಹೇಳಿದ್ರು. ಆಗ ಮಾವ ನೆಲ ನೋಡಿದ್ರು. ನನಗೆ ಅರ್ಥವಾಯ್ತು. ಕದ್ದು ಸೇದ್ತಿದ್ರು.

ಅವತ್ತು ಆಸ್ಪತ್ರೆ ಗೇಟಲ್ಲಿ ನಾನು ಸ್ವಲ್ಪ ಜೋರಾಗೇ ಮಾತಾಡಿಬಿಟ್ಟೆ. ತಿರುಗಿ ಬೈಯೋಕೆ ಅವರಿಗೆ ದನಿ ಇರಲಿಲ್ಲ. ಅದನ್ನ ನೆನೆಸಿಕೊಂಡ್ರೆ ಈಗಲೂ ಬೇಜಾರಾಗುತ್ತೆ. ಮಾರನೇ ದಿನ ಬೆಳಗ್ಗೆ ಐದೂವರೆಗೆ ಬಸ್‌ಸ್ಟ್ಯಾಂಡಲ್ಲಿ ನನಗಿಂತ ಮುಂಚೆ ನಿಂತಿದ್ರು. 28ರಲ್ಲಿ ಒಂದೂ ತಪ್ಪಲಿಲ್ಲ.

ಮುಗಿದು ಎರಡು ತಿಂಗಳಿಗೆ ದನಿ ನಿಧಾನಕ್ಕೆ ವಾಪಸ್ ಬಂತು, ಸ್ವಲ್ಪ ಗಡಸಾಗಿ. ಕ್ಯಾಮೆರಾ ಚೆಕಪ್‌ಗೆ ಹೋಗ್ತಾನೇ ಇರ್ಬೇಕು, ಮೊದಲ ಎರಡು ವರ್ಷ ಮುಖ್ಯ. ಮಂಡಿಯಲ್ಲಿ ಈಗ ಬೇರೆ ಹುಡುಗ ಕೂಗ್ತಾನೆ, ಮಾವ ಲೆಕ್ಕ ಬರೀತಾರೆ. ಮೊನ್ನೆ ಅವರದ್ದೊಂದು ವಾಯ್ಸ್ ನೋಟ್ ಬಂತು, ಹನ್ನೊಂದು ಸೆಕೆಂಡ್. ಹಿಂದೆ ಹರಾಜಿನ ಗಲಾಟೆ, ಮುಂದೆ ಮಾವ: "ಲೇ, ಈ ಹುಡುಗನಿಗೆ ಕೂಗೋಕೇ ಬರಲ್ಲ ಕಣೋ."