ಆವೃತ್ತಿಯೂ ಆವರ್ತವೂ

(ಸಂಘದ ವಾರ್ಷಿಕೋತ್ಸವದ ವಿದ್ಯಾರ್ಥಿಗೋಷ್ಠಿಯಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನಾದವನು ಇಂತಹ ಸಭೆಯಲ್ಲಿ ಮಾತಿಗೆ ನಿಂತರೆ ಪಂಪನನ್ನೋ ನಮ್ಮ ಕುಂಬಳೆಯ ಪಾರ್ತಿಸುಬ್ಬನನ್ನೋ ಕುರಿತು ನಾಲ್ಕು ಮಾತು ಹೇಳುವನೆಂದು ತಾವು ನಿರೀಕ್ಷಿಸುವುದು ಸಹಜ. ನಾನಾದರೋ ತಂತಿ, ಬೆಸುಗೆ, ಒಂಬತ್ತು ವೋಲ್ಟಿನ ಬ್ಯಾಟರಿ ಇವುಗಳ ವಿಷಯವನ್ನು ಹೊತ್ತು ತಂದಿದ್ದೇನೆ. ಕಳೆದ ಒಂದು ವರ್ಷದಿಂದ ನಮ್ಮ ಶಾಲೆಯ ಎಂಟು ಮಂದಿ ಮಕ್ಕಳು, ಭೌತಶಾಸ್ತ್ರದ ಅಧ್ಯಾಪಕರ ಮಾರ್ಗದರ್ಶನದಲ್ಲಿ, ಶನಿವಾರದ ಮಧ್ಯಾಹ್ನಗಳಲ್ಲಿ ಕುಳಿತು ಒಂದು ನಾದಯಂತ್ರವನ್ನು ಕಟ್ಟಿದ್ದಾರೆ. ಸ್ವರಜ್ಞಾನ ತಕ್ಕಮಟ್ಟಿಗೆ ಇರುವವನೆಂಬ ಕಾರಣದಿಂದ ನನ್ನನ್ನೂ ಆ ಮೇಜಿನ ಬಳಿಗೆ ಕರೆದರು. ಅಲ್ಲಿ ಕಂಡದ್ದನ್ನು ನಿವೇದಿಸುವುದಷ್ಟೇ ನನ್ನ ಉದ್ದೇಶ.

ಇದಕ್ಕೊಂದು ಹಿನ್ನೆಲೆಯೂ ಇದೆ. ಪ್ರವೇಶದ ದಿನಗಳಲ್ಲಿ ತಂದೆತಾಯಂದಿರು ತಪ್ಪದೆ ಕೇಳುವ ಪ್ರಶ್ನೆ ತಮಗೆಲ್ಲ ತಿಳಿದದ್ದೇ: "ಮಾಷ್ಟ್ರೇ, ಕನ್ನಡದಲ್ಲಿ ಓದಿದರೆ ವಿಜ್ಞಾನದಲ್ಲಿ ಮಗು ಹಿಂದೆ ಬೀಳುವುದಿಲ್ಲವೇ?" ಈ ಪ್ರಶ್ನೆಗೆ ಭಾಷಾಭಿಮಾನದ ಉತ್ತರವನ್ನು ಕೊಡುವುದು ಸುಲಭ, ಆದರೆ ಅದರಿಂದ ಯಾವ ತಂದೆಗೂ ಸಮಾಧಾನವಾದುದನ್ನು ನಾನು ನೋಡಿಲ್ಲ. ಇಂದು ಬೇರೊಂದು ಬಗೆಯಿಂದ ಉತ್ತರಿಸುತ್ತೇನೆ.

ಸಿಂಥಸೈಸರ್ ಎಂಬ ಹೆಸರನ್ನು ತಾವು ಸಿನಿಮಾ ಸಂಗೀತದ ಮಾತಿನಲ್ಲಿ ಕೇಳಿರಬಹುದು. ವೀಣೆಯಲ್ಲಿ ತಂತಿ ಕಂಪಿಸುತ್ತದೆ, ಕೊಳಲಿನಲ್ಲಿ ಗಾಳಿ, ಮದ್ದಳೆಯಲ್ಲಿ ಚರ್ಮ. ಸಿಂಥಸೈಸರಿನಲ್ಲಿ ಕಂಪಿಸುವುದು ವಿದ್ಯುತ್ತು. ಆ ಕಂಪನವನ್ನು ಗಾಳಿಗೆ ದಾಟಿಸುವುದು ಸ್ಪೀಕರಿನ ಕೆಲಸ. ಸೀಕ್ವೆನ್ಸರ್ ಎಂಬುದು ಅದರ ಜೊತೆಗಾರ: ಯಾವ ಸ್ವರದ ಬಳಿಕ ಯಾವ ಸ್ವರ ಎಂಬ ಸರದಿಯನ್ನು ನೆನಪಿಟ್ಟು, ಕೈ ಮುಟ್ಟದಿದ್ದರೂ ಸುತ್ತಿ ಸುತ್ತಿ ನುಡಿಸುವ ಭಾಗ. ಈ ಎರಡನೆಯದು ಹೊಸ ಕಲ್ಪನೆಯೇನೂ ಅಲ್ಲ. ಒಂಬತ್ತನೆಯ ಶತಮಾನದ ಬಾಗ್ದಾದಿನಲ್ಲಿ ಬನೂ ಮೂಸಾ ಎಂಬ ಮೂವರು ಸೋದರರು, ತಿರುಗುವ ಉರುಳೆಗೆ ಮೊಳೆಗಳನ್ನು ನೆಟ್ಟು, ತಾನೇ ನುಡಿಯುವ ವಾದ್ಯವನ್ನು ವರ್ಣಿಸಿದ್ದಾರೆ. ಮೊಳೆಯ ಬದಲು ಈಗ ವಿದ್ಯುತ್ತು ಎನ್ನುವುದಷ್ಟೇ ವ್ಯತ್ಯಾಸ.

ನಮ್ಮ ಮಕ್ಕಳು ಕಟ್ಟಿದ ಯಂತ್ರದ ಹೃದಯದಂತಿರುವುದು ೪೦೧೦೬ ಎಂಬ ಸಂಖ್ಯೆಯ ಒಂದು ಚಿಪ್. ಹದಿನಾಲ್ಕು ಕಾಲುಗಳುಳ್ಳ, ಜರಿಯ ಮರಿಯಂತೆ ಕಾಣುವ ಈ ಕರಿಯ ವಸ್ತುವಿನ ಬೆಲೆ ಒಂದು ಹಾಲಿನ ಪೊಟ್ಟಣದ ಬೆಲೆಯ ಆಸುಪಾಸಿನಲ್ಲಿದೆ. ಅದರೊಳಗೆ ಒಂದೇ ಬಗೆಯ ಆರು ಮಂಡಲಗಳಿವೆ. ಪ್ರತಿಯೊಂದರ ಸ್ವಭಾವವೂ ವಿರೋಧಿಸುವುದು: ಒಳಕ್ಕೆ ಹೆಚ್ಚು ವೋಲ್ಟೇಜು ಕೊಟ್ಟರೆ ಹೊರಕ್ಕೆ ಕಡಿಮೆ, ಒಳಕ್ಕೆ ಕಡಿಮೆ ಕೊಟ್ಟರೆ ಹೊರಕ್ಕೆ ಹೆಚ್ಚು. ಅದರ ಹೊರಬಾಗಿಲಿನಿಂದ ಒಳಬಾಗಿಲಿಗೆ ಒಂದು ರೋಧಕವನ್ನು ಜೋಡಿಸಿ, ಒಳಬಾಗಿಲಿನ ಬಳಿ ಒಂದು ಧಾರಕವನ್ನಿಟ್ಟರೆ ಏನಾಗುವುದು? ಧಾರಕವೆಂದರೆ ವಿದ್ಯುತ್ತಿನ ಚಿಕ್ಕ ಕೊಡಪಾನ. ರೋಧಕದ ಸಣ್ಣ ಕಿಂಡಿಯ ಮೂಲಕ ಕೊಡಪಾನ ತುಂಬುತ್ತದೆ. ತುಂಬಿತೆಂದು ಕಂಡೊಡನೆ ಚಿಪ್ ಹೊರಬಾಗಿಲನ್ನು ಕೆಳಗಿಳಿಸುತ್ತದೆ. ಆಗ ಅದೇ ಕಿಂಡಿಯಿಂದ ಕೊಡಪಾನ ಬರಿದಾಗುತ್ತದೆ. ಬರಿದಾದೊಡನೆ ಮತ್ತೆ ತುಂಬಲು ಮೊದಲು. ಬ್ಯಾಟರಿ ಇರುವವರೆಗೆ ಈ ತುಂಬುವುದು ಬರಿದಾಗುವುದು ನಿಲ್ಲದು. ಇದೇ ಆಂದೋಲಕ. ೩೮೬ ಎಂಬ ಇನ್ನೊಂದು ಚಿಕ್ಕ ಚಿಪ್ ಈ ಆಂದೋಲನವನ್ನು ಬಲಪಡಿಸಿ ಸ್ಪೀಕರಿಗೆ ಒಪ್ಪಿಸುತ್ತದೆ.

ಈಗ ನಾನು ಹೇಳಬೇಕೆಂದಿರುವ ಪ್ರಸಂಗಕ್ಕೆ ಬಂದೆ. ಮೊದಲ ದಿನ ಮಕ್ಕಳು ಜೋಡಿಸಿದ ಧಾರಕ ಹತ್ತು ಮೈಕ್ರೋಫ್ಯಾರಡಿನದು, ರೋಧಕ ಒಂದು ಲಕ್ಷ ಓಮಿನದು. ಸ್ಪೀಕರಿನಿಂದ ಹೆಚ್ಚುಕಡಿಮೆ ಸೆಕೆಂಡಿಗೊಂದರಂತೆ 'ಟಕ್, ಟಕ್' ಎಂಬ ಪೆಟ್ಟು ಕೇಳಿಸಿತು. "ಇದು ತಾಳ" ಎಂದರು ಮಕ್ಕಳು. ಹತ್ತರ ಧಾರಕವನ್ನು ತೆಗೆದು ಒಂದರದನ್ನು ಇಟ್ಟೆವು. ಪೆಟ್ಟುಗಳು ಹತ್ತರಷ್ಟು ಬಿರುಸಾಗಿ, ಚೆಂಡೆಯ ಉರುಳಿಕೆಯಂತೆ ಕೇಳಿಸಿದವು. ರೋಧಕದ ಸ್ಥಾನದಲ್ಲಿ ತಿರುಗಿಸುವ ಗುಂಡಿಯನ್ನು ಹಾಕಿ ವೇಗವನ್ನು ಇನ್ನೂ ಏರಿಸಿದಂತೆ, ಸೆಕೆಂಡಿಗೆ ಇಪ್ಪತ್ತರ ಸುಮಾರಿಗೆ ಒಂದು ವಿಚಿತ್ರ ನಡೆಯಿತು: ಪೆಟ್ಟುಗಳು ಒಂದರೊಳಗೊಂದು ಕರಗಿ, ಬಿಡಿಬಿಡಿಯಾಗಿ ಕೇಳುವುದು ನಿಂತು, ಒಂದು ಗುಂಯ್‌ಗುಡುವ ಎಳೆಯಾಯಿತು. ಧಾರಕವನ್ನು ಮತ್ತೆ ಹತ್ತರಲ್ಲೊಂದಕ್ಕೆ ಇಳಿಸಿದಾಗ ಸ್ಪಷ್ಟವಾದ ಸ್ವರವೇ ಹೊರಟಿತು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ನನ್ನ ಕಡೆ ತಿರುಗಿ, "ಮಾಷ್ಟ್ರೇ, ಈಗ ತಾಳ ಇದ್ದದ್ದಲ್ಲವೇ? ಸ್ವರ ಎಲ್ಲಿಂದ ಬಂತು?" ಎಂದು ಕೇಳಿದಳು.

ಶ್ರುತಿಯನ್ನು ತಾಯಿಯೆಂದೂ ಲಯವನ್ನು ತಂದೆಯೆಂದೂ ನಮ್ಮ ಸಂಗೀತಗಾರರು ಹೇಳುವ ವಾಡಿಕೆಯುಂಟು. ಇಲ್ಲಿ ಧಾರಕವನ್ನು ಬದಲಿಸಿದ ಮಾತ್ರಕ್ಕೆ ತಂದೆ ತಾಯಿಯಾದರು! ನಗೆಯಾಡಿದರೂ ಸಂಗತಿ ಗಹನವಾದದ್ದು. ಮೆಲ್ಲಗೆ ಬಂದರೆ ಲಯ, ಬಿರುಸಾಗಿ ಬಂದರೆ ಶ್ರುತಿ. ಎರಡೂ ಒಂದೇ ಮರುಕಳಿಕೆಯ ಎರಡು ವೇಗಗಳು. ನಾನು ಕರಿಹಲಗೆಯ ಮೇಲೆ ಎರಡು ಪದಗಳನ್ನು ಬರೆದೆ. ಸೆಕೆಂಡಿಗೆ ಎಷ್ಟು ಕಂಪನಗಳೆಂಬುದಕ್ಕೆ ಕನ್ನಡದ ವಿಜ್ಞಾನ ಪುಸ್ತಕದಲ್ಲಿರುವ ಹೆಸರು 'ಆವೃತ್ತಿ'. ತಾಳದ ಒಂದು ಪೂರ್ಣ ಸುತ್ತಿಗೆ ಸಂಗೀತಗಾರರ ಹೆಸರು 'ಆವರ್ತ'. ಎರಡೂ 'ವೃತ್' ಎಂಬ ಒಂದೇ ಧಾತುವಿನಿಂದ, 'ಆ' ಎಂಬ ಒಂದೇ ಉಪಸರ್ಗ ಸೇರಿ ಹುಟ್ಟಿದವು. ತಿರುಗುವುದು, ಮರಳಿ ಬರುವುದು ಎಂಬುದೇ ಎರಡರ ಅರ್ಥ. ಭೌತಶಾಸ್ತ್ರದ ಅಧ್ಯಾಪಕರು ಮುಂದೆ ಹೇಳಬೇಕಾಗಿದ್ದ ಅರ್ಧ ಗಂಟೆಯ ಪಾಠ ಆ ಎರಡು ಪದಗಳಲ್ಲಿ ಮುಗಿಯಿತು. ಫ್ರೀಕ್ವೆನ್ಸಿ ಎಂದು ಉರುಹಾಕಿದ ಮಗುವಿಗೆ ಈ ಬಾಗಿಲು ಹೀಗೆ ತೆರೆಯದು. ಮೇಲೆ ಹೇಳಿದ ತಂದೆಗೆ ಇದು ನನ್ನ ಉತ್ತರದ ಮೊದಲ ಅರ್ಧ.

ಮುಂದೆ ಸೀಕ್ವೆನ್ಸರು. ಇದಕ್ಕೆ ೪೦೧೭ ಎಂಬ ಚಿಪ್, ಹದಿನಾರು ಕಾಲುಗಳದು. ಇದು ಎಣಿಸುವುದೊಂದನ್ನೇ ಬಲ್ಲುದು. ಒಂದೊಂದು ಪೆಟ್ಟು ಒಳಗೆ ಬಂದಂತೆ ಹತ್ತು ಬಾಗಿಲುಗಳನ್ನು ಒಂದಾದ ಮೇಲೊಂದು ತೆರೆಯುತ್ತದೆ. ಹತ್ತನೆಯದು ಮುಗಿದರೆ ಮತ್ತೆ ಮೊದಲನೆಯದು. ಪ್ರತಿ ಬಾಗಿಲಿಗೂ ಒಂದು ಪುಟ್ಟ ದೀಪ, ಒಂದು ತಿರುಗಿಸುವ ಗುಂಡಿ. ಗುಂಡಿ ಎಷ್ಟು ವೋಲ್ಟೇಜನ್ನು ಬಿಟ್ಟುಕೊಡುವುದೋ ಅದಕ್ಕೆ ತಕ್ಕಂತೆ ೪೦೪೬ ಎಂಬ ಇನ್ನೊಂದು ಚಿಪ್ ತನ್ನ ಸ್ವರವನ್ನು ಏರಿಸುತ್ತದೆ ಅಥವಾ ಇಳಿಸುತ್ತದೆ. ಹತ್ತು ಗುಂಡಿ, ಹತ್ತು ಸ್ವರ.

ಅಂಗಡಿಯಲ್ಲಿ ಕೊಳ್ಳುವ ಬಹುತೇಕ ಯಂತ್ರಗಳಲ್ಲಿ ಹದಿನಾರು ಮೆಟ್ಟಿಲುಗಳಿರುತ್ತವೆ. ನಾಲ್ಕು ನಾಲ್ಕರಂತೆ ಎಣಿಸುವ ಪಶ್ಚಿಮದ ಸಂಗೀತಕ್ಕೆ ಅದು ಸಹಜ. ನಮ್ಮ ಯಕ್ಷಗಾನದ ಝಂಪೆತಾಳಕ್ಕೆ ಹತ್ತು ಅಕ್ಷರ. ೪೦೧೭ ಮುಟ್ಟದೆಯೇ ಝಂಪೆಯನ್ನು ಎಣಿಸುತ್ತದೆ! ಇದನ್ನು ನಿರ್ಮಿಸಿದವರ ಮನಸ್ಸಿನಲ್ಲಿದ್ದುದು ದಶಮಾನ ಸಂಖ್ಯೆಯೇ ಹೊರತು ನಮ್ಮ ಭಾಗವತರಲ್ಲ; ಆದರೂ ಮಕ್ಕಳಿಗಾದ ಸಂತೋಷ ಹೇಳತೀರದು. ತ್ರಿವುಡೆಗೆ ಏಳು ಅಕ್ಷರ. ಎಂಟನೆಯ ಬಾಗಿಲಿನಿಂದ ಒಂದು ತಂತಿಯನ್ನು ತಂದು 'ಮರಳಿ ಮೊದಲಾಗು' ಎಂಬ ಕಾಲಿಗೆ ಸೇರಿಸಿದರೆ, ಏಳು ಮುಗಿದು ಎಂಟಕ್ಕೆ ಕಾಲಿಡುವಷ್ಟರಲ್ಲಿ ಚಿಪ್ ಮೊದಲಿಗೆ ಹಾರುತ್ತದೆ. ತಂತಿಯನ್ನು ಏಳನೆಯ ಬಾಗಿಲಿಗೆ ಸರಿಸಿದರೆ ರೂಪಕದ ಆರು, ಐದನೆಯದಕ್ಕೆ ಸರಿಸಿದರೆ ಏಕತಾಳದ ನಾಲ್ಕು. ನಮ್ಮ ಶಾಲೆಯಲ್ಲಿ ಆರ್ಡುವಿನೋ ಎಂಬ ಗಣಕ ಫಲಕಗಳೂ ಇವೆ, ಅವುಗಳಿಂದಲೂ ಇದನ್ನೆಲ್ಲ ಸಾಧಿಸಬಹುದು. ಆದರೆ ಅಲ್ಲಿ ಎಣಿಕೆಯು ಬರೆದಿಟ್ಟ ಆದೇಶಗಳ ಒಳಗೆ ಅಡಗಿರುತ್ತದೆ. ಇಲ್ಲಿ ತಾಳವನ್ನು ಬೆರಳಿನಿಂದ ಕಿತ್ತು ಬೆರಳಿನಿಂದ ನೆಡಬಹುದು. ಕಲಿಯುವವನಿಗೆ ಎರಡನೆಯದೇ ಲೇಸೆಂದು ನನ್ನ ಅಭಿಪ್ರಾಯ.

ಸ್ವರಗಳನ್ನು ಹೊಂದಿಸುವುದು ಮಾತ್ರ ತಾಳ್ಮೆಯ ಕೆಲಸ. ೪೦೪೬ ಸಮವಾದ ವೋಲ್ಟೇಜಿಗೆ ಹೆಚ್ಚುಕಡಿಮೆ ಸಮವಾದ ಕಂಪನಗಳನ್ನು ಕೂಡಿಸುತ್ತ ಹೋಗುತ್ತದೆ. ನಮ್ಮ ಕಿವಿಯಾದರೋ ಕೂಡಿಸುವುದನ್ನಲ್ಲ, ಗುಣಿಸುವುದನ್ನು ಕೇಳುತ್ತದೆ. ಷಡ್ಜ ೨೪೦ ಆದರೆ ಪಂಚಮ ೩೬೦, ಅಂತರ ೧೨೦. ಮೇಲಿನ ಸ್ಥಾಯಿಯಲ್ಲಿ ಷಡ್ಜ ೪೮೦, ಪಂಚಮ ೭೨೦, ಅಂತರ ೨೪೦. ಆದ್ದರಿಂದ ಗುಂಡಿಯ ಮೇಲೆ ಸಮದೂರದ ಗೆರೆಗಳನ್ನು ಎಳೆದು ಪ್ರಯೋಜನವಿಲ್ಲ, ಕಿವಿಯಿಂದಲೇ ಹಿಡಿಯಬೇಕು. ಷಡ್ಜವನ್ನು ಒಂದು ಆಂದೋಲಕದಲ್ಲಿ ನಿಲ್ಲಿಸಿ ಇನ್ನೊಂದನ್ನು ಪಂಚಮದ ಕಡೆಗೆ ಮೆಲ್ಲನೆ ಏರಿಸಿದಾಗ, ಎರಡರ ನಡುವೆ ಅಲೆಯಂತೆ ಒಂದು ತೂಗಾಟ ಕೇಳಿಸುತ್ತದೆ; ಸ್ಥಾನ ಹತ್ತಿರವಾದಂತೆ ತೂಗಾಟ ನಿಧಾನವಾಗಿ, ಸೇರಿದಾಗ ನಿಂತೇ ಹೋಗುತ್ತದೆ. ಹಾರ್ಮೋನಿಯಂ ಮೊದಲಾದ ಸಮಪಾಲಿನ ವಾದ್ಯಗಳಲ್ಲಿ ೨೪೦ರ ಷಡ್ಜಕ್ಕೆ ಅಂತರಗಾಂಧಾರ ೩೦೨.೪ರ ಸುಮಾರಿಗೆ ಬೀಳುತ್ತದೆ. ತಂಬೂರಿಯ ನಾದದಲ್ಲಿ ತಾನಾಗಿ ಕೇಳುವ ಗಾಂಧಾರವಾದರೋ ೩೦೦. ಈ ಎರಡೂವರೆ ಕಂಪನದ ಭೇದವನ್ನು ಪುಸ್ತಕದಲ್ಲಿ ಓದಿದವರು ಹಲವರು. ನಮ್ಮ ಎಂಟು ಮಕ್ಕಳು ಅದನ್ನು ಕೇಳಿದ್ದಾರೆ.

ಈ ವಿದ್ಯೆಯ ಚರಿತ್ರೆಯಲ್ಲಿ ಮನೆಯ ಮೇಜಿಗೆ ದೊಡ್ಡ ಸ್ಥಾನವಿದೆ. ಅಮೆರಿಕದ ರಾಬರ್ಟ್ ಮೋಗ್ ಹುಡುಗನಾಗಿದ್ದಾಗಲೇ, ಕೈ ಮುಟ್ಟದೆ ನುಡಿಸುವ ಥೆರೆಮಿನ್ ಎಂಬ ವಾದ್ಯವನ್ನು ತಾನೇ ಕಟ್ಟಿದವನು; ಮುಂದೆ ತಂದೆಯೊಡನೆ ಸೇರಿ ಅದರ ಬಿಡಿಭಾಗಗಳ ಪೊಟ್ಟಣಗಳನ್ನು ಮಾರಿದನು. ೧೯೬೪ರಲ್ಲಿ ಹರ್ಬರ್ಟ್ ಡಾಯ್ಚ್ ಎಂಬ ಸಂಗೀತಗಾರನ ಸಹವಾಸದಿಂದ ಅವನ ಸಿಂಥಸೈಸರ್ ರೂಪುಗೊಂಡಿತು. ಕಿವಿ ಗುಣಿಸುತ್ತದೆಂಬ ಸಂಗತಿಯನ್ನು ಅವನು ಯಂತ್ರದಲ್ಲಿಯೇ ಅಳವಡಿಸಿ, ಒಂದು ವೋಲ್ಟು ಏರಿದರೆ ಒಂದು ಸ್ಥಾಯಿ ಏರುವಂತೆ ಮಾಡಿದನು. ಅದೇ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾದ ಡಾನ್ ಬುಕ್ಲಾ, ಪಿಯಾನೋದ ಮಣೆಯನ್ನೇ ದೂರವಿಟ್ಟು, ಸೀಕ್ವೆನ್ಸರುಗಳನ್ನೊಳಗೊಂಡ ಯಂತ್ರವನ್ನು ಕಟ್ಟಿದನು. ಮಣೆಯಿದ್ದರೆ ಹಳೆಯ ಸಂಗೀತವೇ ಬೆರಳಿಗೆ ಬರುವುದೆಂಬುದು ಅವನ ವಾದ. ನನಗೆ ಅದು ಒಪ್ಪಿಗೆ. ೧೯೬೯ರಲ್ಲಿ ಮೋಗ್ ಯಂತ್ರವೊಂದು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದಿತು. ಡೇವಿಡ್ ಟ್ಯೂಡರ್ ಅದನ್ನು ಅಲ್ಲಿ ನೆಲೆಗೊಳಿಸಿದರು, ಗೀತಾ ಸಾರಾಭಾಯಿ ಮೊದಲಾದವರು ಅದರಲ್ಲಿ ಪ್ರಯೋಗಗಳನ್ನು ನಡೆಸಿದರು. ಬೊಂಬಾಯಿಯ ಚರಣ್‌ಜಿತ್ ಸಿಂಗ್ ೧೯೮೨ರಲ್ಲಿ ಸಿದ್ಧ ಸೀಕ್ವೆನ್ಸರುಗಳ ಮೇಲೆ ಹತ್ತು ರಾಗಗಳನ್ನು ಕೂರಿಸಿ ಧ್ವನಿಮುದ್ರಿಕೆ ಹೊರಡಿಸಿದರು. ನಮಗೆ ಹೆಚ್ಚು ಆಪ್ತವಾದದ್ದು ಬೆಂಗಳೂರಿನ ಕೆಲಸ. ಕೊಳಲುವಾದಕರೂ ಇಂಜಿನಿಯರರೂ ಆದ ಜಿ. ರಾಜನಾರಾಯಣರು ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನು ರೂಪಿಸಿ ಸಂಗೀತಗಾರರ ಕೈಗಿತ್ತರು. ನಮ್ಮ ಮೇಳಗಳಲ್ಲಿ ಪುಂಗಿ ಹೋಗಿ ಹಾರ್ಮೋನಿಯಂ, ಹಾರ್ಮೋನಿಯಂ ಹೋಗಿ ವಿದ್ಯುನ್ಮಾನ ಶ್ರುತಿಪೆಟ್ಟಿಗೆ ಬಂದುದನ್ನು ಇಲ್ಲಿರುವ ಹಿರಿಯರು ಬಲ್ಲರು.

ಆ ಹಿರಿಯರ ಆಕ್ಷೇಪವನ್ನೂ ನಾನು ಬಲ್ಲೆ. ನೆರೆಯ ಮದ್ದಳೆಗಾರರೊಬ್ಬರು ನಮ್ಮ ಯಂತ್ರವನ್ನು ಕೇಳಿ, "ಇದು ಎಣಿಸುತ್ತದೆ, ಸರಿ. ಭಾಗವತರು ಪದ್ಯವನ್ನು ಎಳೆದರೆ ಇದು ಕಾಯುತ್ತದೆಯೇ?" ಎಂದರು. ಕಾಯುವುದಿಲ್ಲ. ವೇಷಧಾರಿಯ ಹೆಜ್ಜೆಯನ್ನು ಕಣ್ಣಿನಿಂದ ನೋಡಿ ಪೆಟ್ಟನ್ನು ಕೂದಲೆಳೆಯಷ್ಟು ಹಿಂದೆ ಹಿಡಿಯುವ ವಿವೇಕ ಚಿಪ್ಪಿಗೆ ಎಲ್ಲಿಂದ ಬರಬೇಕು? ಅದರ ನಾದವೂ ಒರಟು: ೧, ೩, ೫, ೭ ಹೀಗೆ ಬೆಸಸಂಖ್ಯೆಯ ಉಪಸ್ವರಗಳೇ ತುಂಬಿದ ಚೌಕದ ಅಲೆ, ಹಳೆಯ ಕ್ಲಾರಿನೆಟ್ಟಿಗೆ ನೆಗಡಿಯಾದಂತೆ. ಒಂದು ರೋಧಕ, ಒಂದು ಧಾರಕ ಸೇರಿಸಿ ಮೇಲಿನ ಉಪಸ್ವರಗಳನ್ನು ಸೋಸಿದರೆ ತುಸು ಮೃದುವಾಗುತ್ತದೆ. ಹಿಮ್ಮೇಳದಲ್ಲಿ ಇದನ್ನು ಕೂರಿಸಬೇಕೆಂದು ನಾನು ಹೇಳಲಾರೆ. ಹೇಳಿದರೆ ಆ ಮದ್ದಳೆಗಾರರು ನನ್ನ ಮನೆಗೆ ಬರುವುದನ್ನು ಬಿಟ್ಟಾರು. ಇದು ಸ್ಲೇಟಿನಂತಹ ವಸ್ತು, ಬರೆದು ಒರೆಸಿ ಕಲಿಯುವುದಕ್ಕೆ. ಆದರೆ ಒಂದು ವಿಶೇಷವನ್ನು ಅವರೂ ಒಪ್ಪಿದರು: ತ್ರಿವುಡೆಯಲ್ಲಿ ತಡವರಿಸುತ್ತಿದ್ದ ಅವರ ಶಿಷ್ಯನೊಬ್ಬ, ಆ ಒಂದು ತಂತಿಯನ್ನು ತಾನೇ ಎಂಟನೆಯ ಬಾಗಿಲಿಗೆ ನೆಟ್ಟ ಬಳಿಕ ಏಳನ್ನು ಎಂದೂ ತಪ್ಪಲಿಲ್ಲ.

ಮನೆಯಲ್ಲಿ ಕಟ್ಟಬಯಸುವವರಿಗೆ ಕೆಲವು ಮಾತು. ಬ್ಯಾಟರಿಯಿಂದಲೇ ನಡೆಸಿರಿ, ಗೋಡೆಯ ವಿದ್ಯುತ್ತಿಗೆ ಮಕ್ಕಳ ಕೈ ಹೋಗಕೂಡದು. ಮೊದಲು ಬ್ರೆಡ್‌ಬೋರ್ಡಿನ ಮೇಲೆ ತಂತಿಗಳನ್ನು ಚುಚ್ಚಿ ನೋಡಿ, ನಡೆದ ಮೇಲೆಯೇ ಬೆಸುಗೆಗೆ ಕೈಹಾಕಿರಿ. ಹಿಂದಿನ ರೇಡಿಯೋ ಹವ್ಯಾಸಿಗಳು ರೊಟ್ಟಿ ಕತ್ತರಿಸುವ ನಿಜವಾದ ಹಲಗೆಗೇ ಮೊಳೆ ಹೊಡೆದು ತಂತಿ ಕಟ್ಟುತ್ತಿದ್ದುದರಿಂದ ಆ ಹೆಸರು ಬಂದಿತು. ಬೆಸುಗೆ ಹಾಕುವಾಗ ಕಿಟಕಿ ತೆರೆದಿರಲಿ, ಹಿರಿಯರೊಬ್ಬರು ಬಳಿಯಿರಲಿ. ಬೆಸುಗೆಯ ತಂತಿಯಲ್ಲಿ ಸೀಸವಿರುವುದುಂಟು, ಆದ್ದರಿಂದ ಕೈ ತೊಳೆಯದೆ ತಿಂಡಿ ಮುಟ್ಟಬಾರದು. ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ದೊರೆಯುತ್ತವೆ, ಅಂಚೆಯಲ್ಲೂ ತರಿಸಬಹುದು. ಹಳೆಯ ರೇಡಿಯೋದ ಸ್ಪೀಕರು ಅಟ್ಟದ ಮೇಲೆ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿರಿ, ನಮಗೆ ಕೊಡಿರಿ.

ಪಕ್ಕದ ಕೊಠಡಿಯಲ್ಲಿ ಯಂತ್ರವನ್ನು ಇರಿಸಿದ್ದೇವೆ. ಸಭೆ ಮುಗಿದ ಬಳಿಕ ಮಕ್ಕಳು ಅದನ್ನು ನುಡಿಸಿ ತೋರಿಸುತ್ತಾರೆ. ಯಾವ ಭಾಗ ಏನು ಮಾಡುತ್ತದೆಂದು ಕೇಳಿದರೆ ಕನ್ನಡದಲ್ಲಿ ವಿವರಿಸುತ್ತಾರೆ. ಮೇಲೆ ಹೇಳಿದ ತಂದೆ ಈ ಸಭೆಯಲ್ಲಿದ್ದರೆ ಅವರೂ ಅಲ್ಲಿ ಒಂದೆರಡು ಪ್ರಶ್ನೆಗಳನ್ನು ಹಾಕಬೇಕೆಂದು ಕೋರುತ್ತೇನೆ. ನನ್ನ ಉತ್ತರದ ಉಳಿದ ಅರ್ಧ ಆ ಕೊಠಡಿಯಲ್ಲಿದೆ. ಅಷ್ಟತಾಳದ ಹದಿನಾಲ್ಕು ಅಕ್ಷರಗಳಿಗೆ ಒಂದು ೪೦೧೭ ಸಾಲದು, ಎರಡನ್ನು ಕೊಂಡಿ ಹಾಕಬೇಕು. ಮೊದಲನೆಯದು ಮುಗಿಸಿದಾಗ ಎರಡನೆಯದನ್ನು ಎಬ್ಬಿಸುವ ತಂತಿಯನ್ನು ಎಲ್ಲಿಗೆ ಸೇರಿಸಬೇಕೆಂಬ ವಿಷಯದಲ್ಲಿ ಮಕ್ಕಳಲ್ಲಿ ಎರಡು ಪಕ್ಷಗಳಾಗಿವೆ, ಬರುವ ಶನಿವಾರ ತೀರ್ಮಾನ.