ಇಲಿ ಸಾಕೋಕೆ ಮೊದಲು ಒಂದು ಫೋನ್ ಕಾಲ್

ಬಾಡಿಗೆ ಮನೆಯಲ್ಲಿ ನಾಯಿಗೆ ಓನರ್ ಒಪ್ಪಲ್ಲ, ಇಲಿಯಾದ್ರೆ ಪಂಜರದಲ್ಲಿರುತ್ತೆ, ಸುಲಭ ಅಂತ ಕೆಲವರು ಅಂದ್ಕೊಂಡಿದ್ದೀರಿ. ಅಷ್ಟು ಸುಲಭ ಇಲ್ಲ.

ಇಲಿ ಗುಂಪಲ್ಲಿ ಬದುಕೋ ಪ್ರಾಣಿ. ನೀವು ಆಫೀಸಲ್ಲಿರೋವಾಗ ಅದಕ್ಕೆ ಜೊತೆ ಬೇಕು, ಹಾಗಾಗಿ ಎರಡು ತರಲೇಬೇಕು. ಎರಡೂ ಗಂಡು, ಇಲ್ಲಾ ಎರಡೂ ಹೆಣ್ಣು. ಗಂಡು-ಹೆಣ್ಣು ತಂದರೆ, ಗಬ್ಬ ನಿಂತ ಮೂರೇ ವಾರಕ್ಕೆ ಪಂಜರ ತುಂಬಾ ಮರಿ!

ನಾನು ಎಲ್ಲಕ್ಕಿಂತ ಮುಖ್ಯ ಅನ್ನೋದು ಡಾಕ್ಟರ್. ಮೈಕೋಪ್ಲಾಸ್ಮಾ ಅನ್ನೋ ಉಸಿರಾಟದ ಸೋಂಕು ಸಾಕಿಲಿಗಳಲ್ಲಿ ತುಂಬಾ ಸಾಮಾನ್ಯ. ವಯಸ್ಸಾದ ಹೆಣ್ಣಿಲಿಗೆ ಮೊಲೆಯ ಗೆಡ್ಡೆಯೂ ಬರುತ್ತೆ. ನಾಯಿ-ಬೆಕ್ಕು ನೋಡೋ ಡಾಕ್ಟರೆಲ್ಲ ಇಲಿ ನೋಡಲ್ಲ. ಈಗಲೇ ಫೋನ್ ಮಾಡಿ, "ಇಲಿಗೆ ಆಪರೇಷನ್ ಮಾಡ್ತೀರಾ?" ಅಂತ ಕೇಳಿ. ಹೂಂ ಅನ್ನೋರು ಸಿಗದಿದ್ರೆ ತರಬೇಡಿ.

ಇನ್ನು ಸೆಕೆ. 30 ಡಿಗ್ರಿ ದಾಟಿದರೆ ಇಲಿಗೆ ಕಷ್ಟ; ಹೈದರಾಬಾದಿನ ಮೇ ತಿಂಗಳು ಗೊತ್ತಲ್ಲ, ಎಸಿ ಬಿಲ್ ಲೆಕ್ಕ ಹಾಕಿ. ಹಬ್ಬಕ್ಕೆ ಊರಿಗೆ ಹೊರಟಾಗ ಯಾರು ನೋಡ್ಕೋತಾರೆ? ಇಲಿ ಜ್ವರದ ಹೆಸರು ಕೇಳಿರೋ ಅಮ್ಮ ಮನೆಯೊಳಗೆ ಬಿಟ್ಕೊಳ್ಳೋದು ಡೌಟು.

ಆಯಸ್ಸು 2–3 ವರ್ಷ ಅಷ್ಟೇ. ಹೆಸರು ಹಿಡಿದು ಕರೆದರೆ ಓಡಿಬಂದು ತೋಳು ಹತ್ತೋ ಜೀವ ಅದು, ಮನೇಲಿ ಮಕ್ಕಳಿದ್ದರೆ ಈ ಲೆಕ್ಕವನ್ನ ತರೋ ಮೊದಲೇ ಹೇಳಿಬಿಡಿ.