ಹಳೆಯ ಡಿಸ್ಕಿನಿಂದ ಹೊಸ ಯಂತ್ರಕ್ಕೆ

(ಶಾಲಾ ವಾರ್ಷಿಕೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ನಮ್ಮ ಶಾಲೆಯ ಕಾರ್ಯಾಲಯಕ್ಕೆ ಈ ವರ್ಷ ಹೊಸದೊಂದು ಗಣಕಯಂತ್ರವು ಬಂದುದನ್ನು ತಾವೆಲ್ಲರೂ ಬಲ್ಲಿರಿ. ಬಿಡಿಭಾಗಗಳನ್ನು ತರಿಸಿ, ಮೇಲಿನ ತರಗತಿಯ ಮಕ್ಕಳ ಕಣ್ಣೆದುರಿನಲ್ಲಿಯೇ ಅದನ್ನು ಜೋಡಿಸಲಾಯಿತು. ಯಂತ್ರವೇನೋ ಹೊಸದು, ಆದರೆ ಅದರೊಳಗೆ ಇರಿಸಬೇಕಾಗಿದ್ದ ಸಂಪತ್ತು ಹಳೆಯದು. ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಹಾರ್ಡ್ ಡಿಸ್ಕೊಂದರಲ್ಲಿ ಈ ವಾರ್ಷಿಕ ಸಂಚಿಕೆಯ ಹಿಂದಿನ ಪುಟಗಳು, ಮಕ್ಕಳ ಕಥೆ ಕವಿತೆಗಳು, ದಾನಿಗಳ ನಾಮಾವಳಿ, ನಿವೃತ್ತರಾದ ಅಧ್ಯಾಪಕರ ನೆನಪಿನ ಬರೆಹಗಳು ಇದ್ದುವು. ಮುದ್ರಿತ ಪ್ರತಿಗಳಲ್ಲಿ ಹಲವು ಮಳೆಗಾಲದ ತೇವಕ್ಕೂ ಗೆದ್ದಲಿಗೂ ತುತ್ತಾಗಿವೆ. ಆದುದರಿಂದ ಆ ಡಿಸ್ಕನ್ನು ಹೊಸ ಯಂತ್ರಕ್ಕೆ ಸಾಗಿಸುವ ಕೆಲಸವು ನಮಗೆ ಆಟದ ಮಾತಾಗಿರಲಿಲ್ಲ. ಅದರಿಂದ ಕಲಿತುದನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳಲು ಅಪ್ಪಣೆ ಬೇಡುತ್ತೇವೆ.

ಹಾರ್ಡ್ ಡಿಸ್ಕಿಗೂ ನಮ್ಮ ನಾಡಿಗೂ ಇಸವಿಯ ನಂಟೊಂದುಂಟು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳ ರಾಜ್ಯಕ್ಕೆ ಸೇರಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೇರಿಕದ ಐ.ಬಿ.ಎಂ. ಸಂಸ್ಥೆಯು ಹಾರ್ಡ್ ಡಿಸ್ಕುಳ್ಳ ಮೊತ್ತಮೊದಲ ಗಣಕವನ್ನು ಲೋಕಕ್ಕೆ ತೋರಿಸಿತು. 24 ಅಂಗುಲ ಅಗಲದ 50 ತಟ್ಟೆಗಳಿದ್ದ ಆ ಬೃಹದ್ಯಂತ್ರದಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು ಮಾತ್ರ. ಅಂಗೈಯ ಮೇಲಿಡಬಹುದಾದ ನಮ್ಮ ಹಳೆಯ ಡಿಸ್ಕಿನ ಅಳತೆ 40 ಗಿಗಾಬೈಟು; ಅಂದರೆ ಅದರ ಸುಮಾರು 8,000 ಪಟ್ಟು. ಇದರೊಳಗೆ ಕಾಂತಗುಣದ ಲೇಪವುಳ್ಳ ತಟ್ಟೆಯು ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ಓದುವ ಮೊನೆಯು ತಟ್ಟೆಯನ್ನು ಮುಟ್ಟದೆ, ಕೂದಲೆಳೆಯ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಮೆ ಅಂತರದಲ್ಲಿ ತೇಲುತ್ತಿರುತ್ತದೆ. ತಿರುಗುತ್ತಿರುವಾಗ ಡಿಸ್ಕು ಕೈತಪ್ಪಿ ಬಿದ್ದರೆ ಮೊನೆಯು ತಟ್ಟೆಗೆ ತಾಗಿ, ಬರೆಹವು ಅಳಿದುಹೋಗಬಹುದು.

ನಮಗೆ ಎದುರಾದ ಮೊದಲನೆಯ ತೊಡಕು ಜೋಡಣೆಯದು. ಹಳೆಯ ಡಿಸ್ಕಿಗೆ ಬೇಕಾದುದು ಐ.ಡಿ.ಇ. ಎಂದು ಕರೆಯುವ, 40 ರಂಧ್ರಗಳ, ಅಗಲವಾದ ಪಟ್ಟಿಯಂತಹ ಕೇಬಲು. 2003ರ ಸುಮಾರಿಗೆ ಬಳಕೆಗೆ ಬಂದ ಸಾಟಾ ಎಂಬ ಕಿರಿಯ ಕೇಬಲು ಅದನ್ನು ಕ್ರಮೇಣ ಹೊರದೂಡಿತು. ನಮ್ಮ ಹೊಸ ಮದರ್‌ಬೋರ್ಡಿನಲ್ಲಿ ಹಳೆಯ ಕೇಬಲನ್ನು ಸಿಕ್ಕಿಸಲು ಸ್ಥಳವೇ ಇಲ್ಲ. ಆದುದರಿಂದ ಯು.ಎಸ್.ಬಿ.ಗೆ ಹೊಂದಿಸುವ ಅಡಾಪ್ಟರೊಂದನ್ನು ಕೊಂಡೆವು. ಈ ಬಗೆಯ ಡಿಸ್ಕಿಗೆ 12 ವೋಲ್ಟಿನ ವಿದ್ಯುತ್ತು ಬೇಕು; ಸಾಮಾನ್ಯ ಯು.ಎಸ್.ಬಿ. ತಂತಿಯಿಂದ ಅದು ದೊರೆಯದಾದುದರಿಂದ ಪ್ರತ್ಯೇಕ ವಿದ್ಯುತ್ ಸಂಪರ್ಕವುಳ್ಳ ಅಡಾಪ್ಟರನ್ನೇ ಆರಿಸಬೇಕು. ಅಕ್ಟೋಬರ್, ನವೆಂಬರ್ ತಿಂಗಳುಗಳ ಸಂಜೆ ನಮ್ಮೂರಿನಲ್ಲಿ ಸಿಡಿಲಿನ ಭಯವಿರುವುದರಿಂದ, ಈ ಕೆಲಸವನ್ನು ಬೆಳಗಿನ ಹೊತ್ತಿನಲ್ಲಿ ಮಾಡಿದೆವು.

ಎರಡನೆಯದು ಆತುರದಿಂದ ಬರುವ ತೊಡಕು. ಹಳೆಯ ಡಿಸ್ಕಿನಲ್ಲಿರುವ ವಿಂಡೋಸಿನಿಂದಲೇ ಹೊಸ ಯಂತ್ರವನ್ನು ನಡೆಸಬಾರದೇಕೆ ಎಂದು ಮಕ್ಕಳು ಕೇಳಿದರು. ಆ ವ್ಯವಸ್ಥೆಯು ಹಳೆಯ ಮದರ್‌ಬೋರ್ಡಿಗೆ ಹೊಂದುವಂತೆ ಅಣಿಗೊಂಡುದು. ಹೊಸ ಮನೆಯಲ್ಲಿ ಅದಕ್ಕೆ ಬಾಗಿಲು ಕಿಟಕಿಗಳ ಗುರುತೇ ಸಿಗಲಾರದು. ಆದುದರಿಂದ ಹೊಸ ಯಂತ್ರಕ್ಕೆ ಅದರದೇ ಹೊಸ ಡಿಸ್ಕು ಇರಲಿ. ಹಳೆಯದನ್ನು ಓದಬೇಕಾದ ಪುಸ್ತಕವೆಂದು ಮಾತ್ರ ಭಾವಿಸಬೇಕು. ಅದರ ಮೇಲೆ ಏನನ್ನೂ ಬರೆಯದೆ, ಮೊದಲು ಎಲ್ಲವನ್ನೂ ಪ್ರತಿ ಮಾಡಿಕೊಳ್ಳಬೇಕು. ಡಿಸ್ಕನ್ನು ಫಾರ್ಮ್ಯಾಟ್ ಮಾಡಲೆ ಎಂದು ಯಂತ್ರವು ಕೇಳಿದರೆ, ಬೇಡವೆಂದೇ ಉತ್ತರಿಸಬೇಕು. ಒಪ್ಪಿದೆವಾದರೆ ಇದ್ದುದೆಲ್ಲ ಕೈಬಿಡುವ ಸಂಭವವುಂಟು. ಒಳಗಿನಿಂದ ಟಿಕ್ ಟಿಕ್ ಎಂಬ ಸದ್ದು ಬಿಡದೆ ಕೇಳಿಬಂದರೆ, ಒಡನೆ ವಿದ್ಯುತ್ತನ್ನು ನಿಲ್ಲಿಸಿ ಬಲ್ಲವರಲ್ಲಿಗೆ ಒಯ್ಯಬೇಕು. ದೈವಕೃಪೆಯಿಂದ ನಮ್ಮ ಡಿಸ್ಕು ಸದ್ದಿಲ್ಲದೆ ತಿರುಗಿತು. ಮಧ್ಯಾಹ್ನದೊಳಗೆ ಫೈಲುಗಳೆಲ್ಲವೂ ಹೊಸ ಯಂತ್ರಕ್ಕೆ ಬಂದು ಸೇರಿದುವು.

ಕೆಲಸ ಮುಗಿಯಿತೆಂದು ಹಿಗ್ಗಿದೆವು. ಆದರೆ ಫೈಲೊಂದನ್ನು ತೆರೆದು ನೋಡುವಾಗ ಕನ್ನಡವೇ ಕಾಣಿಸಲಿಲ್ಲ! ಕಕಾರವಿರಬೇಕಾದಲ್ಲಿ ಆಂಗ್ಲದ ‘ಪಿ’ ಅಕ್ಷರ. ಅದರ ಮಗ್ಗುಲಲ್ಲಿ ನೆತ್ತಿಯ ಮೇಲೆ ಗೀಟೆಳೆದ ‘ಎ’ ಅಕ್ಷರ. ಪುಟದ ತುಂಬ ಇಂತಹವೇ ಗುರುತುಗಳು. ಕಾರಣವಿಷ್ಟೆ: ಗಣಕಗಳಲ್ಲಿ ಕನ್ನಡಕ್ಕೆ ಸ್ವಂತ ಸ್ಥಾನವು ಬಳಕೆಗೆ ಬರುವ ಮುನ್ನ, ಆಂಗ್ಲ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿ ಕೆಲಸ ಸಾಗಿಸುತ್ತಿದ್ದರು. ಆ ಫಾಂಟು ಯಂತ್ರದಲ್ಲಿಲ್ಲದಿದ್ದರೆ ವೇಷ ಕಳಚಿ ಆಂಗ್ಲ ಅಕ್ಷರಗಳೇ ಕಾಣಿಸುತ್ತವೆ. ಇದು ಯಾರ ತಪ್ಪೂ ಅಲ್ಲ. ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ. ಪಿ. ರಾಯರಂತಹವರು ಕನ್ನಡಕ್ಕೆ ಕೀಲಿಮಣೆಯ ಸುಲಭ ವಿನ್ಯಾಸವನ್ನು ರೂಪಿಸಿಕೊಡದಿದ್ದರೆ, ಆ ಪುಟಗಳನ್ನು ನಾವು ಬೆರಳಚ್ಚಿಸುವುದೂ ಕಷ್ಟವಾಗುತ್ತಿತ್ತು. 1991ರ ಯೂನಿಕೋಡ್ ಕ್ರಮದಲ್ಲಿ ಕನ್ನಡಕ್ಕೆ 128 ಸ್ಥಾನಗಳು ಮೀಸಲಾದುವು. ಆದರೆ ಅದು ಸಾಮಾನ್ಯ ಜನರ ಬಳಕೆಗೆ ಬರಲು ಇನ್ನೂ ಹತ್ತಾರು ವರ್ಷಗಳು ಹಿಡಿದುವು.

ತುಳುನಾಡಿನವರಾದ ನಮಗೆ ಈ ಸಂಕಟ ಹೊಸತೆ? ಹಿರಿಯರ ಮನೆಗಳ ಅಟ್ಟದಲ್ಲಿ ತುಳುಲಿಪಿಯ ತಾಳೆಗರಿ ಗ್ರಂಥಗಳಿದ್ದುವು. ಗರಿಯು ಗಟ್ಟಿಯಾಗಿಯೇ ಇದ್ದಿತು. ಓದಬಲ್ಲವರು ಮಾತ್ರ ಇಲ್ಲವಾದರು. ನಮ್ಮ ಜಿಲ್ಲೆಯ ವಿದ್ವಾಂಸ ವೆಂಕಟರಾಜ ಪುಣಿಂಚತ್ತಾಯರು ಅಂತಹ ಗರಿಗಳಲ್ಲಿ ಅಡಗಿದ್ದ ‘ಶ್ರೀ ಭಾಗವತೊ’ ಮೊದಲಾದ ತುಳುಕಾವ್ಯಗಳನ್ನು ಶೋಧಿಸಿ, ಸಂಪಾದಿಸಿ ಬೆಳಕಿಗೆ ತಂದರು. ಆ ಲಿಪಿಗೂ 2024ರ ಸೆಪ್ಟೆಂಬರಿನಲ್ಲಿ ತುಳು-ತಿಗಳಾರಿ ಎಂಬ ಹೆಸರಿನಿಂದ ಯೂನಿಕೋಡಿನಲ್ಲಿ ಸ್ಥಾನ ದೊರೆತಿದೆ. ಗರಿ ಉಳಿದರೆ ಸಾಲದು, ಓದು ಉಳಿಯಬೇಕು. ಡಿಸ್ಕಿನ ವಿಷಯದಲ್ಲಿಯೂ ಮಾತು ಇದೇ.

ಹಳೆಯ ಬರೆಹವನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ. ಆದರೆ ಯಂತ್ರದ ಕೆಲಸವನ್ನು ಕಣ್ಣಿಟ್ಟು ನೋಡಬೇಕು. ಅರ್ಕಾವೊತ್ತನ್ನೇ ಗಮನಿಸಿರಿ: ‘ಧರ್ಮ’ ಎಂಬಲ್ಲಿ ನಾವು ರಕಾರವನ್ನು ಮೊದಲು ನುಡಿದರೂ ಅದರ ಗುರುತನ್ನು ಮಕಾರದ ಅನಂತರ ಬರೆಯುತ್ತೇವೆ. ಹಳೆಯ ಫಾಂಟಿನಲ್ಲಿ ಬರೆಯುವ ಕ್ರಮ, ಯೂನಿಕೋಡಿನಲ್ಲಿ ನುಡಿಯುವ ಕ್ರಮ. ಈ ಅದಲುಬದಲಿನಲ್ಲಿ ಅಕ್ಷರಗಳು ಸ್ಥಾನ ತಪ್ಪುವುದುಂಟು. ಆದುದರಿಂದ ಏಳನೆಯ ತರಗತಿಯ ಮಕ್ಕಳು ಇಬ್ಬಿಬ್ಬರಾಗಿ ಕುಳಿತು, ಒಬ್ಬರು ಗಟ್ಟಿಯಾಗಿ ಓದುತ್ತ, ಇನ್ನೊಬ್ಬರು ತಿದ್ದುತ್ತ ಪುಟಗಳನ್ನು ಶುದ್ಧಪಡಿಸತೊಡಗಿದರು. ಹಾಗೆ ಓದುತ್ತಿರುವಾಗ ಹುಡುಗಿಯೊಬ್ಬಳು ಥಟ್ಟನೆ ನಿಂತಳು. ಆರನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಮಳೆಯನ್ನು ಕುರಿತು ಬರೆದ ಪದ್ಯದ ಕೆಳಗೆ ಇದ್ದುದು ಅವಳ ತಾಯಿಯ ಹೆಸರು! ಆ ತಾಯಿಯು ಇಂದು ಈ ಸಭೆಯಲ್ಲಿ ಕುಳಿತಿರುವರು. ಪದ್ಯವನ್ನು ಈ ಸಂಚಿಕೆಯಲ್ಲಿ ಮತ್ತೆ ಅಚ್ಚುಮಾಡಲು ಅವರು ಸಮ್ಮತಿಸಿದ್ದಾರೆ.

ಪೋಷಕ ಮಹನೀಯರೆ, ನಮ್ಮ ಮಕ್ಕಳ ಕನ್ನಡ ಬರೆಹವನ್ನು ನಾವು ಕಾಪಾಡದಿದ್ದರೆ ಬೇರೆ ಯಾರೂ ಕಾಪಾಡುವವರಿಲ್ಲ. ತಮ್ಮ ಮನೆಗಳ ಮೂಲೆಯಲ್ಲಿ ಹಳೆಯ ಗಣಕವಿದ್ದರೆ, ಗುಜರಿಗೆ ಹಾಕುವ ಮುನ್ನ ಅದರ ಡಿಸ್ಕನ್ನು ಒಮ್ಮೆ ತೆರೆಯಿಸಿ ನೋಡಿರಿ. ಅದರಲ್ಲಿರುವುದನ್ನು ಎರಡು ಬೇರೆ ಬೇರೆ ಕಡೆಗಳಲ್ಲಿ ಪ್ರತಿ ಮಾಡಿ ಇರಿಸಿರಿ. ಕನ್ನಡವನ್ನು ಯೂನಿಕೋಡಿಗೆ ತಂದು ಓದಿ ನೋಡಿರಿ. ವಿದ್ಯಾರ್ಥಿಗಳೆ, ಈ ಕಾರ್ಯದಲ್ಲಿ ಹಿರಿಯರಿಗೆ ನೆರವಾಗುವುದು ನಿಮ್ಮ ಪಾಲಿನ ಕರ್ತವ್ಯ. ನಮ್ಮ ಡಿಸ್ಕಿನಲ್ಲಿ ಇನ್ನೂ ಆರು ವರ್ಷಗಳ ಸಂಚಿಕೆಗಳು ಉಳಿದಿವೆ. ಬಿಡುವುಳ್ಳವರು ಶನಿವಾರಗಳಂದು ಶಾಲೆಗೆ ಬಂದು ಓದಲು ಕೂಡಬೇಕೆಂದು ಪ್ರಾರ್ಥಿಸುತ್ತೇವೆ.